ಐದು ಪಾದದ ಅಳತೆ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಗುಂಡಿಯ ಅಳತೆ ಸತ್ತವರ ಪಾದದ್ದೇ ಆಗಬೇಕು. ಐದು ಪಾದ ಉದ್ದ, ಐದು ಪಾದ ಅಗಲ, ಒಂಬತ್ತು ಪಾದ ಆಳ. ಒಳಗೊಂದು ಗೂಡು, ಕೂರಿಸುವುದು ಅದರಲ್ಲಿ. ನನ್ನ ಅಕ್ಕನ ಮಗ ಗಡಿಯ ಕಾಳಗದಲ್ಲಿ ಸತ್ತಾಗ ಅಳೆಯಲು ಅವನ ಪಾದ ನಮಗೆ ಸಿಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ಅವನಿಗೆ ಇಪ್ಪತ್ತಾರು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿ ಹೆಚ್ಚು ದಿನ ಆಗಿರಲಿಲ್ಲ. ಭಾವ ಮೊದಲೇ ತೀರಿಕೊಂಡಿದ್ದರು. ಅಕ್ಕ ಹರವೆ ಕಡೆಯ ಊರೊಂದರ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ. ನಾನು ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತ.

ಕೊನೆಯ ಸಲ ರಜೆಗೆ ಬಂದಾಗ ಅವನು ಹಗಲಿನಲ್ಲೇ ನಡುಮನೆಯಲ್ಲಿ ಮಲಗಿಬಿಡುತ್ತಿದ್ದ. ಕಾಲು ಚಾಪೆ ದಾಟಿ ಹೊಸಿಲಿನವರೆಗೆ ಬರುತ್ತಿತ್ತು. ಒಂದು ದಿನ ನಾನು ಎಡವಿದೆ.

"ಏನ್ಲಾ, ದೇಶ ಕಾಯೋನು ಹಗಲೊತ್ತೇ ಗೊರಕೆ ಹೊಡೀತಿದ್ದೀಯಲ್ಲಾ?"

ಕಣ್ಣು ಬಿಡದೆಯೇ ಹೇಳಿದ: "ಫ್ಯಾನ್ ಕೆಳಗೇ ಸರ್ವಿಸ್ ಮಾಡೋರು ಮಾತಾಡ್ಬಾರ್ದು ಮಾವ."

ಅಡುಗೆಮನೆಯಿಂದ ಅಕ್ಕ ಗದರಿದಳು: "ಎಬ್ಬಿಸ್ಬ್ಯಾಡ ಬುಡಪ್ಪ. ಅಲ್ಲಿ ಗಡೀಲಿ ಕಾಲು ನೀಡಕ್ಕೂ ಜಾಗ ಇಲ್ವಂತೆ. ಮಂಡಿ ಮಡಿಸ್ಕಂಡು ಕೂತೇ ನಿದ್ದೆ ಮಾಡದಂತೆ."

ತನ್ನ ಅವ್ವನಿಗೆ ಹಿಂದಿ ಬರುವುದಿಲ್ಲವೆಂದು ಅವನು ಸೈನ್ಯದವರಿಗೆ ನನ್ನ ನಂಬರನ್ನೂ ಕೊಟ್ಟಿದ್ದ. ಹಾಗಾಗಿ ಸಾವಿನ ಸುದ್ದಿ ನನಗೇ ಬಂತು. ಊರಿಗೆ ಹೋಗಿ ಅಕ್ಕನಿಗೆ ನಾನೇ ಹೇಳಿದೆ, ಅಲ್ಲೇ ಉಳಿದೆ. ಅದನ್ನು ಹೇಳಲು ಸಾಧ್ಯವಾಯಿತು. ಮೂರನೆಯ ದಿನ ಬೆಳಿಗ್ಗೆ ಇನ್ನೊಂದು ಫೋನು ಬಂತು. ಮಧ್ಯಾಹ್ನ ಗುಂಡ್ಲುಪೇಟೆಗೆ ಬರುತ್ತೇವೆ, ಶವಪೆಟ್ಟಿಗೆಯನ್ನು ತೆರೆಯುವ ಹಾಗಿಲ್ಲ, ತಾಯಿಗೆ ಮೊದಲೇ ತಿಳಿಸಿ ಎಂದರು. ಸರಿ ಸಾರ್ ಎಂದೆ.

ಅಂಗಳಕ್ಕೆ ಬಂದರೆ ಅಕ್ಕ ಜಗಲಿಯ ಮೇಲಿದ್ದಳು. ಮಡಿಲಲ್ಲಿ ಹೊಸ ಟವಲು. "ಅವ್ರಪ್ಪನ ಪಕ್ಕದಲ್ಲೇ ಕೂರ್ಸನ ಕಣಪ್ಪ. ಮೊಖ ನಾನೇ ಒರೆಸ್ತೀನಿ, ಇನ್ಯಾರೂ ಮುಟ್ಬ್ಯಾಡಿ," ಎಂದಳು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಗುಂಡಿ ತೋಡುವ ತಾತ ಬಂದು ಪಾದದ ಅಳತೆ ಕೇಳಿದ.

ಅಕ್ಕ ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಕ್ಯಾನ್ವಾಸ್ ಶೂ ತಂದಳು. ಗುಂಡ್ಲುಪೇಟೆ ರಸ್ತೆಯಲ್ಲಿ ಮುಂಜಾನೆ ಓಡಲು ಅವನು ಹಾಕುತ್ತಿದ್ದದ್ದು. ಹಿಮ್ಮಡಿ ಸವೆದಿತ್ತು. "ಇದು ಪಿಯುಸಿಲಿ ತಂದದ್ದು. ಆಮೇಲೂ ಬೆಳ್ದ ಅಂವ. ಎಲ್ಡು ಬೆರಳು ಜಾಸ್ತಿ ಇಕ್ಕು," ಎಂದು ನನ್ನ ಕೈಗೆ ಕೊಟ್ಟಳು.

ಹೊಲದಲ್ಲಿ ಭಾವನ ಸಮಾಧಿಯ ಪಕ್ಕ ನಾನು ಮಣ್ಣಿನ ಮೇಲೆ ಶೂ ಇಟ್ಟೆ. ಮುಂದೆ ಎರಡು ಬೆರಳು ಇಟ್ಟೆ. ಮತ್ತೆ ಶೂ, ಮತ್ತೆ ಎರಡು ಬೆರಳು. ಹೀಗೆ ಐದು ಸಲ ಉದ್ದಕ್ಕೆ, ಐದು ಸಲ ಅಡ್ಡಕ್ಕೆ. ಈ ಗುಂಡಿಯಲ್ಲಿ ಅವನನ್ನು ಕೂರಿಸಲು ಆಗುವುದಿಲ್ಲ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಆದರೂ ಅಳೆದೆ. ತಾತ ಗೆರೆ ಎಳೆದ.

ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ಸೈನ್ಯದ ಲಾರಿ ನಿಂತಾಗ ಜನ ತಮ್ಮ ತಮ್ಮ ಹೊಲದಿಂದ ತಂದ ಚೆಂಡುಹೂವನ್ನು ಬೊಗಸೆಯಲ್ಲಿ ಎರಚಿದರು. ಪೆಟ್ಟಿಗೆಯ ಜೊತೆ ಬಂದಿದ್ದ ಅಧಿಕಾರಿ ಅವನದೇ ವಯಸ್ಸಿನವನು. "ತಾಯಿಗೆ ಹೇಳಿದ್ದೀರಲ್ಲ?" ಎಂದು ಹಿಂದಿಯಲ್ಲಿ ಕೇಳಿದ. ನಾನು ತಲೆಯಾಡಿಸಿದೆ. ಅದು ಸುಳ್ಳು.

ಹೊಲದಲ್ಲಿ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟರು. ತಾತ ಅದನ್ನು ನೋಡಿದ, ಗುಂಡಿಯನ್ನು ನೋಡಿದ. "ಇದು ಇಳಿಯಕಿಲ್ಲ. ಮುಚ್ಚಳ ತೆಗೆಸಪ್ಪ, ಕೂರ್ಸನ," ಎಂದ. ಅಕ್ಕ ಟವಲು ಹಿಡಿದು ಮುಂದೆ ಬಂದಳು. ಅಧಿಕಾರಿ ನನ್ನ ಕಡೆ ತಿರುಗಿದ.

"ಅಕ್ಕ, ತೆಗೆಯಂಗಿಲ್ಲ."

"ಯಾರಂದದ್ದು?"

"ಅವ್ರೇ. ಬೆಳಿಗ್ಗೇನೇ ಫೋನ್ ಮಾಡಿದ್ರು."

ಅವಳು ಗುಂಡಿಯ ಕಡೆ ನೋಡಿದಳು. "ಶೂ ಹಿಡ್ಕಂಡು ಹೋದ್ಯಲ್ಲ, ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಒಡಹುಟ್ಟಿದೋನಾಗಿ ಹಿಂಗ್ ಮಾಡ್ಬುಟ್ಯಲ್ಲಾ."

ಅಷ್ಟೇ ಅಂದಳು. ಆಮೇಲೆ ಟವಲನ್ನು ಪೆಟ್ಟಿಗೆಯ ಒಂದು ತುದಿಯ ಮೇಲೆ ಹಾಸಿ ಅಂಗೈಯಲ್ಲಿ ಸವರಿದಳು. ಅಧಿಕಾರಿ ಹತ್ತಿರ ಬಂದ. ಟವಲನ್ನು ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ತುದಿಗೆ ಹಾಸಿದ. ತಲೆ ಆ ಕಡೆ ಇತ್ತು.

ನೆಂಟರಲ್ಲಿ ಒಬ್ಬರು, ಆಳ ಸಾಕಷ್ಟಿದೆ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಇಳಿಸಿದರೆ ಶಾಸ್ತ್ರವೂ ಉಳಿಯುತ್ತದೆ ಎಂದರು. ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಅಕ್ಕನ ಮುಖ ನೋಡಿದರು.

"ಬ್ಯಾಡಿ," ಎಂದಳು ಅಕ್ಕ. "ಕೂತೂ ಕೂತೂ ಸಾಕಾಗ್ಬುಟ್ಟದೆ ಅವ್ನಿಗೆ. ಕಾಲು ನೀಡ್ಕಂಡು ಮನಿಕ್ಕಳ್ಳಿ. ಗುಣಿ ಉದ್ದ ಮಾಡಿ."

ಐನೋರು ಆಗಲಿ ಎಂದರು. ತಾತ ಗುದ್ದಲಿ ತೆಗೆದುಕೊಂಡ. ನಾನೂ ಇಳಿದೆ. ಸಿಪಾಯಿಗಳು ಟೋಪಿ ಕಳಚಿ ಬದುವಿನ ಮೇಲೆ ಸಾಲಾಗಿಟ್ಟು ಮಣ್ಣು ಹೊತ್ತರು. ಒಂದು ಗಂಟೆಯ ಮೇಲೆ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದಳು.

ತಾತ ಹಗ್ಗದಿಂದ ಪೆಟ್ಟಿಗೆಯ ಉದ್ದ ಅಳೆದು ಗುಂಡಿಗೆ ಹಿಡಿದು ನೋಡಿ, "ಸಾಕು ಕಣವ್ವ, ಸರಿಯಾಯ್ತದೆ," ಎಂದ.

"ಕಾಲಿನ ಕಡೆ ಇನ್ನೊಂದ್ಚೂರು ತೆಗೀರಿ," ಎಂದಳು.

ನನ್ನ ಕಡೆ ನೋಡಿ ಅಲ್ಲ. ಆದರೆ ಕಾಲಿನ ಕಡೆ ಇದ್ದವನು ನಾನು. ಇನ್ನೊಂದು ಗೇಣು ತೆಗೆದೆ. ಪೆಟ್ಟಿಗೆ ಇಳಿದ ಮೇಲೆ ಅಷ್ಟು ಜಾಗ ಹಾಗೇ ಉಳಿಯಿತು. ಅವಳು ಬಗ್ಗಿ ಅದನ್ನು ನೋಡಿ, ಮಣ್ಣು ಹಾಕಿ ಎಂದು ಕೈ ಮಾಡಿದಳು.