ಬೇಲಿಯಾಚೆಯ ಚೆಂಡು, ಹಳಿಯ ಮೇಲಿನ ಕಣ್ಣು

ಭಾನುವಾರ, ಇನ್ನೂ ಬಿಸಿಲು ಬಿದ್ದಿಲ್ಲ. ನವಿ ಮುಂಬೈಯ ಗುಡ್ಡವೊಂದರ ಬುಡದಲ್ಲಿ, ಗಾಲ್ಫ್ ಮೈದಾನದ ತಂತಿಬೇಲಿಯ ಹೊರಗೆ ಮಂಡಿಯೆತ್ತರದ ಹುಲ್ಲಿನಲ್ಲಿ ಅಪ್ಪಾಸಾಹೇಬರು ತಲೆ ಬಗ್ಗಿಸಿ ನಡೆಯುತ್ತಿದ್ದಾರೆ. ತುಸು ಮುಂದೆ ಅವರ ಹೆಂಡತಿ ಸುಶೀಲಾಬಾಯಿ ಥಟ್ಟನೆ ನಿಲ್ಲುತ್ತಾರೆ. ಚೆಂಡು ಕಂಡಿದೆ ಎಂದರ್ಥ. ಬೇಲಿ ಹಾರಿ ಕಳೆದುಹೋದ ಚೆಂಡುಗಳನ್ನು ಹುಡುಕುವ ಈ ಗಂಡ ಹೆಂಡಿರ ಆಟಕ್ಕೆ ಇರುವುದು ಒಂದೇ ನಿಯಮ. ಮೊದಲು ಕಂಡವರು ಬಾಯಿ ಬಿಡಬಾರದು, ಕೈ ತೋರಿಸಬಾರದು, ಸುಮ್ಮನೆ ನಿಲ್ಲಬೇಕು. ಇನ್ನೊಬ್ಬರು ಅದನ್ನು ತಾವಾಗಿಯೇ ಕಂಡುಹಿಡಿಯಬೇಕು.

ಪೇಪರಿಗೆ ಬರೆಯಲೆಂದು ಇವರ ಜೊತೆ ಬಂದಿರುವ ನನಗೂ ಚೆಂಡು ಕಂಡಿದೆ. ಹುಲ್ಲಿನ ಬುಡದಲ್ಲಿ ಮೊಟ್ಟೆಯಷ್ಟು ಬೆಳ್ಳಗೆ ಕೂತಿದೆ. ಅಪ್ಪಾಸಾಹೇಬರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ತಿರುಗಿ ಬರುತ್ತಾರೆ, ಮತ್ತೆ ಹಾದುಹೋಗುತ್ತಾರೆ. ನನ್ನ ನಾಲಿಗೆಯ ತುದಿಗೆ ಮಾತು ಬಂದು ನಿಂತಿದೆ. ಸುಶೀಲಾಬಾಯಿ ನನ್ನತ್ತ ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ.

ವಾರದ ಉಳಿದ ದಿನಗಳಲ್ಲಿ ಅಪ್ಪಾಸಾಹೇಬರು ರೈಲ್ವೆಯ ಚಾವಿವಾಲಾ. ಬೆಳಕು ಹರಿಯುತ್ತಲೇ ಸುತ್ತಿಗೆ ಹೊತ್ತು, ಬಗಲಿಗೆ ಕೆಂಪು ಹಸಿರು ಬಾವುಟ ಸಿಕ್ಕಿಸಿಕೊಂಡು ಡೊಂಬಿವಲಿ ಕಡೆಯ ಹಳಿಗುಂಟ ನಡೆಯುತ್ತಾರೆ. ಹಳಿಯನ್ನು ಹಿಡಿದಿಟ್ಟ ಕಬ್ಬಿಣದ ಚಾವಿ ಸಡಿಲಾಗಿದೆಯೇ, ಹಳಿಯಲ್ಲಿ ಬಿರುಕು ಬಿಟ್ಟಿದೆಯೇ ನೋಡುವುದು ಅವರ ಕೆಲಸ. ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದು ಥಾಣೆಯತ್ತ ಹೋಗುವ ನಾವು ಅವರು ತೊಟ್ಟ ಕಿತ್ತಳೆ ಕೋಟನ್ನು ಕಂಡರೂ ಕಾಣದವರು. ಲೋಕಲ್ ತಡವಾದಾಗ ಮಾತ್ರ ನಮಗೆ ಹಳಿಯ ನೆನಪಾಗುತ್ತದೆ, ಅದೂ ಬೈಯುವುದಕ್ಕೆ.

ಅಪ್ಪಾಸಾಹೇಬರು ಅಥಣಿ ಕಡೆಯವರು. ಮೊದಲು ಹಳಿ ರಿಪೇರಿಯ ಗ್ಯಾಂಗಿನಲ್ಲಿ ಜಲ್ಲಿ ಹೊತ್ತರು. ಒಂದು ಮಳೆಗಾಲದ ಬೆಳಿಗ್ಗೆ, ಹಿಂದಿನಿಂದ ಬಂದ ಗಾಡಿ ಜೊತೆಗಾರ ಜಯಶೀಲನನ್ನು ಅವರ ಕಣ್ಣೆದುರೇ ಬಡಿದುಹಾಕಿತು. ಆ ಜಾಗ ಈಗ ಅವರ ದಿನದ ಹಾದಿಯಲ್ಲೇ ಇದೆ. ಅಲ್ಲಿಯ ಚಾವಿಗಳನ್ನು ಇನ್ನೊಬ್ಬರ ಕೈಗೆ ಬಿಡಲು ಅವರಿಗೆ ಮನಸ್ಸಿಲ್ಲ. ಬೇರೆ ಕಡೆಗೆ ವರ್ಗ ಬಂದಾಗಲೂ ಮೇಲಿನ ಸಾಹೇಬರ ಕೈಕಾಲು ಹಿಡಿದು ಉಳಿದುಕೊಂಡರಂತೆ.

ಮನೆಯಲ್ಲಿ ಗಾಡಿಯ ಸದ್ದಿಗೆ ಬೆಚ್ಚಿ ಏಳುತ್ತಿದ್ದ ಗಂಡನನ್ನು ರಜೆಯ ದಿನ ಹೊರಗೆ ಎಳೆದು ತಂದವರು ಸುಶೀಲಾಬಾಯಿ. ಯಾವುದೋ ನೆಂಟರ ಮನೆಗೆಂದು ಈ ಕಡೆ ಬಂದಾಗ ಬೇಲಿ ಹಾರಿದ ಚೆಂಡೊಂದು ಅವರ ಕಾಲಬುಡಕ್ಕೆ ಬಿತ್ತು. ಹುಚ್ಚು ಹತ್ತಿದ್ದು ಹಾಗೆ. ಸಿಕ್ಕಿದ ಒಳ್ಳೆಯ ಚೆಂಡುಗಳು ಮೈದಾನದ ವಾಚ್‌ಮನ್ನನ ಬಕೆಟ್ಟಿಗೆ ಹೋಗುತ್ತವೆ. ಸಿಪ್ಪೆ ಎದ್ದವು ಡೊಂಬಿವಲಿಯ ಮನೆಯ ಬಾಲ್ಕನಿಯಲ್ಲಿ ತುಳಸಿ ಕುಂಡದ ಸುತ್ತ ಕೂರುತ್ತವೆ.

"ಅಲ್ಲೆ ಹಿಂದಿಂದ ಗಾಡಿ ಬರೂದಿಲ್ಲರಿ," ಎಂದಿದ್ದರು ಅಪ್ಪಾಸಾಹೇಬರು, ಬರುವಾಗ ಬಸ್ಸಿನಲ್ಲಿ. "ತಲಿ ಬಗ್ಗಿಸಿ ಆರಾಮ ನಡೀಬಹುದು. ಅದ ಮಜಾ."

ಈಗ ಆ ಮಜಾ ಎಲ್ಲೂ ಕಾಣುತ್ತಿಲ್ಲ. ಅಪ್ಪಾಸಾಹೇಬರ ಕುತ್ತಿಗೆ ಬೆವತಿದೆ. ಅವರು ಹುಲ್ಲನ್ನು ಬಿಟ್ಟು ಹೆಂಡತಿಯ ಪಾದಗಳನ್ನೇ ನೋಡುತ್ತಿದ್ದಾರೆ. ಸುಶೀಲಾಬಾಯಿ ಶಾಲೆಯ ಪ್ರಾರ್ಥನೆಗೆ ನಿಂತವರಂತೆ ಪಾದ ಜೋಡಿಸಿ ನಿಂತಿದ್ದಾರೆ.

"ಪ್ರತಿ ಐತವಾರ ಕಾಲ ಹೆಬ್ಬಟ್ಟ ಚೆಂಡಿನ ಕಡೆ ತಿರಗಸ್ತಿದ್ದಿ," ಅಪ್ಪಾಸಾಹೇಬರು ಮೆಲ್ಲಗೆ ಕೇಳುತ್ತಾರೆ. "ಇವತ್ಯಾಕ ಇಲ್ಲ?"

"ಗೊತ್ತಿತ್ತೇನ್ ನಿಮಗ?"

ಗೊತ್ತಿತ್ತು. ಗಂಡನ ಕಣ್ಣು ಮಂಜಾದದ್ದು ಹೆಂಡತಿಗೆ ಗೊತ್ತಿತ್ತು, ಹೆಂಡತಿ ದಾರಿ ತೋರಿಸುತ್ತಿದ್ದದ್ದು ಗಂಡನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇಂದು ಪೇಪರಿನವರ ಎದುರು ಆಟದಲ್ಲಿ ಮೋಸ ಮಾಡಲು ಸುಶೀಲಾಬಾಯಿಗೆ ನಾಚಿಕೆಯಾಯಿತು, ಅಷ್ಟೆ. ನಾನು ಯಾಕಾದರೂ ಬಂದೆನೋ ಅನ್ನಿಸುತ್ತದೆ.

ಅಪ್ಪಾಸಾಹೇಬರು ಅಲ್ಲೇ ಕಲ್ಲೊಂದರ ಮೇಲೆ ಕೂರುತ್ತಾರೆ. ಮೋತಿಬಿಂದು, ಕಣ್ಣಿನ ಪೊರೆ ಇರಬೇಕು ಎನ್ನುತ್ತಾರೆ. ಈ ಮಳೆಗಾಲದಿಂದ ಒಂದೊಂದೇ ಚಾವಿಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಯಿಂದಲೇ ಕೆಲಸ ಸಾಗಿಸುತ್ತಿದ್ದಾರೆ. ಬಿಗಿಯಾದ ಚಾವಿ ಖಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಮಿಡಿಯುತ್ತದೆ. ಈವರೆಗೆ ಒಂದೂ ತಪ್ಪಿಲ್ಲವಂತೆ. ಮುಂದಿನ ಕಣ್ಣಿನ ತಪಾಸಣೆ ಇನ್ನೂ ದೂರವಿದೆ, ಅಲ್ಲಿಯವರೆಗೆ ಯಾರಿಗೂ ತಿಳಿಯುವುದಿಲ್ಲ. ತಿಳಿದರೆ ಹಳಿಯ ಕೆಲಸ ಬಿಡಿಸಿ ಸ್ಟೋರಿನಲ್ಲಿ ಕೂರಿಸುತ್ತಾರೆ. ಜಯಶೀಲ ಬಿದ್ದ ಜಾಗವನ್ನು ಆಮೇಲೆ ಬೇರೆ ಯಾರೋ ನೋಡುತ್ತಾರೆ.

"ಆಪರೇಶನ್ ಮಾಡಿಸಿದ್ರ ಆತು, ಸುಮ್ಮನ ಇರ್ರಿ," ಎನ್ನುತ್ತಾರೆ ಸುಶೀಲಾಬಾಯಿ.

"ಸಣ್ಣ ಬಿರಕು ಸಪ್ಪಳ ಮಾಡೂದಿಲ್ಲ, ಕಣ್ಣಿಗೇ ಕಾಣಬೇಕು," ಎನ್ನುತ್ತಾರೆ ಅಪ್ಪಾಸಾಹೇಬರು. "ಹಳಿ ಮ್ಯಾಲ ದಾರಿ ತೋರಸಾಕ ಯಾರ ಹೆಬ್ಬಟ್ಟ ಇರತೈತಿ?"

ಅಪ್ಪಾಸಾಹೇಬರು ಮೊಬೈಲ್ ತೆಗೆದು ಮುಖದ ಹತ್ತಿರ ಹಿಡಿದು ಮೇಲಿನ ಸಾಹೇಬರ ನಂಬರು ಹುಡುಕುತ್ತಾರೆ. ಸುಶೀಲಾಬಾಯಿ ಹುಡುಕಿಕೊಡಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ರಿಂಗಾಗುತ್ತದೆ. ಯಾರೂ ಎತ್ತದಿರಲಿ ಎಂದು ನಾನೂ ಒಂದು ಕ್ಷಣ ಬಯಸುತ್ತೇನೆ. ಆಮೇಲೆ ನಾಳೆ ಬೆಳಿಗ್ಗೆಯ ಲೋಕಲ್ ನೆನಪಾಗುತ್ತದೆ.

ಆ ಸಾಹೇಬರು ಫೋನು ಎತ್ತುತ್ತಾರೆ. ಅಪ್ಪಾಸಾಹೇಬರು ಮರಾಠಿಯಲ್ಲಿ, ಎದ್ದು ನಿಂತು ಹೇಳುತ್ತಾರೆ: ಕಣ್ಣು ಸರಿಯಿಲ್ಲ, ನಾಳೆಯಿಂದ ಬೇರೆಯವರನ್ನು ಕಳಿಸಿ, ನನ್ನನ್ನು ತಪಾಸಣೆಗೆ ಬರೆಯಿರಿ. ಆ ಕಡೆಯಿಂದ ಏನು ಬಂತೋ ತಿಳಿಯುವುದಿಲ್ಲ. ಅಪ್ಪಾಸಾಹೇಬರು ಫೋನನ್ನು ಜೇಬಿಗೆ ಹಾಕುತ್ತಾರೆ. ಸುಶೀಲಾಬಾಯಿ ಗಂಡನ ಕೈ ಹಿಡಿದು ಹುಲ್ಲಿನ ಬುಡಕ್ಕೆ ಒಯ್ಯುತ್ತಾರೆ, ಚೆಂಡು ಸಿಗುತ್ತದೆ.

ಇದನ್ನೆಲ್ಲ ಬರೆಯುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ. ಅಪ್ಪಾಸಾಹೇಬರು ಚೆಂಡಿನ ಮಣ್ಣನ್ನು ಅಂಗಿಗೆ ಒರೆಸುತ್ತಾ ಹಾಗಲ್ಲ ಎಂದು ತಲೆಯಾಡಿಸುತ್ತಾರೆ.

"ಬರೀರಿ. ಸಡಿಲಾದದ್ದು ಗೊತ್ತಾದ್ರ ಕೆಂಪ ಬಾವುಟ ತೋರಸೂದು ನನ್ನ ಕೆಲಸ. ಇವತ್ತ ನನಗ ನಾನ ತೋರಿಸ್ದೆ."