ಮಗ್ಗದ ಸದ್ದಿನಲ್ಲಿ ಕೊರಿಯನ್ ಧಾರಾವಾಹಿ

ಕೊರಿಯನ್ ಧಾರಾವಾಹಿಗಳಲ್ಲಿ ಯಾರು ನಿಜವಾದ ನಟ, ಯಾರದು ಬರೀ ಚೆಂದದ ಮುಖ ಎಂದು ತಿಳಿಯಬೇಕಾದರೆ ದನಿ ನಿಲ್ಲಿಸಿ ನೋಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಹಾಗಂತ ಇದೇನು ನಾನು ತಲೆ ಓಡಿಸಿ ಕಂಡುಕೊಂಡ ಉಪಾಯವಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಾಲ್‌ನಲ್ಲಿ ಪವರ್‌ಲೂಮ್ ಮಗ್ಗಗಳು ಬೆಳಿಗ್ಗೆ ಶುರುವಾದರೆ ಸಂಜೆಯವರೆಗೂ ಓಡುತ್ತವೆ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರು ಕೂಗಿದರೇ ಕೇಳುವುದಿಲ್ಲ, ಇನ್ನು ಫೋನಿನೊಳಗಿನ ಪ್ರೇಮಿಗಳ ಪಿಸುಮಾತು ಕೇಳೀತೆ?

ಮಗ್ಗದ ಮನೆಯವರು ಗಂಟಲಿಗೆ ತೊಂದರೆ ಕೊಡುವುದಿಲ್ಲ. ದನಿಯಿಲ್ಲದೆ ತುಟಿ ಆಡಿಸುತ್ತಾರೆ. ಹುಬ್ಬು, ಬೆರಳು ಜೊತೆಗೆ ಸೇರಿದರೆ ಇಡೀ ಬೀದಿಯ ಸುದ್ದಿ ಹೇಳಿ ಮುಗಿಸುತ್ತಾರೆ. ನನ್ನ ತವರಿನಲ್ಲಿ ಮಗ್ಗ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲರೂ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಉರಿಯುತ್ತಿದ್ದೆ. ಆಮೇಲೆ ಮೈದುನನಿಗೆ ಮದುವೆಯಾಯಿತು. ಬಂದ ವಾರಗಿತ್ತಿ ಹಿಂದೂಪುರದ ಕಡೆಯ ತೆಲುಗಿನವಳು, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳು. ನನಗಿಂತ ಎಷ್ಟೋ ಚಿಕ್ಕವಳಾದರೂ ನನಗೆ ಈ ತುಟಿಯ ಮಾತು ಕಲಿಸಿದ್ದು ಅವಳೇ.

ಅದಕ್ಕೆ ಬದಲಾಗಿ ನಾನು ಅವಳಿಗೆ ಕೊರಿಯಾ ತೋರಿಸಿದೆ. ನೂಲು ಸುತ್ತಿದ ಕಂಡಿಕೆಗಳ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟು, ಒಂದು ಕಣ್ಣು ಎಳೆ ಕಡಿಯುತ್ತದೇನೋ ಎಂದು ಮಗ್ಗದ ಮೇಲೆ, ಇನ್ನೊಂದು ಕಣ್ಣು ಧಾರಾವಾಹಿಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದೆವು. ಕೆಳಗೆ ಓಡುವ ಇಂಗ್ಲಿಷ್ ಸಾಲು ಅವಳಿಗೆ ಬಾರದು. ನಾನು ಪಿಯುಸಿ ಓದಿದವಳು. ಓದಿ, ಮಗ್ಗದ ಆಚೆ ನಿಂತ ಅವಳಿಗೆ ತುಟಿಯಲ್ಲೇ ಕನ್ನಡ ಮಾಡಿ ದಾಟಿಸುತ್ತಿದ್ದೆ. ಎಷ್ಟೋ ಸಲ ನಾನು ಹೇಳುವುದರೊಳಗೆ ನಾಯಕಿ ಅತ್ತು, ಮುಖ ತೊಳೆದು, ಊಟಕ್ಕೆ ಕೂತಿರುತ್ತಿದ್ದಳು. ಆಗ ನನ್ನದೇ ಒಂದೆರಡು ಮಾತು ಸೇರಿಸಿ ಕತೆ ಮುಂದಕ್ಕೆ ತಳ್ಳುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಕೈ ಬೀಸಿ "ಸುಳ್ಳಿ" ಎನ್ನುತ್ತಿದ್ದಳು.

ನಟರ ಬಗ್ಗೆ ನಮ್ಮಿಬ್ಬರದೂ ಒಂದೇ ಕೋರ್ಟು, ತೀರ್ಪು ಮಾತ್ರ ಬೇರೆ ಬೇರೆ. ಎತ್ತರದ, ಬಿಳಿಚಿಕೊಂಡ, ಕಂಪನಿ ಮಾಲೀಕನ ಮಗನಾಗಿಯೇ ಸದಾ ಬರುವ ಒಬ್ಬನಿದ್ದಾನೆ. ಅವಳಿಗೆ ಅವನೆಂದರೆ ಪ್ರಾಣ. ನನ್ನ ಪ್ರಕಾರ ಅವನು ಕೋಟುಗಳನ್ನು ನೇತುಹಾಕುವ ಗೂಟ. ಅಪ್ಪ ಸತ್ತಾಗಲೂ ಕಾಫಿ ಆರಿಹೋದಾಗಲೂ ಅವನದು ಒಂದೇ ಮುಖ. ಅವನ ಕಣ್ಣಿಂದ ನೀರು ಬರುತ್ತದೆಯೇ ಹೊರತು ಅಳು ಬರುವುದಿಲ್ಲ. ನನಗೆ ಇಷ್ಟವಾಗುವವನು ಎರಡನೇ ನಾಯಕ, ಅಂದರೆ ಹುಡುಗಿಗೆ ಜ್ವರ ಬಂದಾಗ ಗಂಜಿ ತರುವವನು, ಕೊನೆಗೆ ಬಸ್‌ಸ್ಟಾಪಿನಲ್ಲಿ ಒಬ್ಬನೇ ಉಳಿಯುವವನು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಕೊರಿಯಾದವರಿಗೂ ಅನ್ವಯಿಸುತ್ತದೆ. ಆ ಪಾತ್ರ ಮಾಡುವವರು ಬೆನ್ನಿನಲ್ಲೂ ನಟಿಸುತ್ತಾರೆ. ಇನ್ನು, ಹತ್ತಾರು ಧಾರಾವಾಹಿಗಳಲ್ಲಿ ಅಮ್ಮನಾಗಿ ಬರುವ ಒಬ್ಬ ಹೆಂಗಸಂತೂ ಮಗನಿಗೆ ಬಯ್ಯುತ್ತಲೇ ಅವನ ತಟ್ಟೆಗೆ ಪಲ್ಯ ಹಾಕುವ ಚೆಂದ ನೋಡಿದರೆ ನಾಯಕ ನಾಯಕಿ ಯಾರೂ ಬೇಡ ಎನಿಸುತ್ತದೆ. ರಾಜರ ಕಾಲದ ಕತೆಗಳಲ್ಲಿ ನಾವಿಬ್ಬರೂ ಮೊದಲು ನೋಡುತ್ತಿದ್ದುದು ರಾಣಿಯ ಬಟ್ಟೆಯನ್ನು. ರೇಷ್ಮೆಯೋ ಪಾಲಿಯೆಸ್ಟರೋ ಎಂದು ಅದು ಬೀಳುವ ರೀತಿಯಲ್ಲೇ ಹೇಳುತ್ತಿದ್ದೆವು.

"ಎಲ್ರೂ ಒಂದೇ ಥರ ಕಾಣ್ತಾರಲ್ಲೇ, ಹೆಂಗೆ ಗುರುತಿಡಿತೀರಾ?" ಎಂದು ನನ್ನ ಗಂಡ ಊಟಕ್ಕೆ ಕೂತಾಗ ರೇಗಿಸುತ್ತಿದ್ದರು.

"ನಿಮ್ ಕ್ರಿಕೆಟ್‌ನೋರು ಹೆಲ್ಮೆಟ್ ಹಾಕ್ಕೊಂಡ್ರೂ ನೀವು ಗುರುತಿಡಿಯಲ್ವಾ?" ಎನ್ನುತ್ತಿದ್ದೆ. ವಾರಗಿತ್ತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಮೈದುನನಿಗೆ ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಜಗಳವಿಲ್ಲ, ಪಾಲುಪಟ್ಟಿಯಿಲ್ಲ, ಗಂಡ ಹೆಂಡತಿ ಒಂದು ಟೆಂಪೋ ಸಾಮಾನು ಹಾಕಿಕೊಂಡು ಹೋದರು. ಅವಳು ನಿಲ್ಲುತ್ತಿದ್ದ ಮಗ್ಗದ ಮುಂದೆ ಈಗ ನನ್ನ ಗಂಡ ನಿಲ್ಲುತ್ತಾರೆ. ಒಳ್ಳೆಯ ಮನುಷ್ಯ, ದೂರುವಂಥದ್ದೇನಿಲ್ಲ. ಆದರೆ ಅವರು ತಲೆ ಎತ್ತುವುದಿಲ್ಲ. ನಾನು ಧಾರಾವಾಹಿ ನೋಡುತ್ತಾ ನಗು ಬಂದಾಗ ಅಭ್ಯಾಸಬಲದಿಂದ ಕತ್ತೆತ್ತಿದರೆ ಅವರ ನಡುನೆತ್ತಿ ಕಾಣುತ್ತದೆ. ಇಷ್ಟು ಸದ್ದಿನ ನಡುವೆ ಒಂಟಿತನ ಎಂದರೆ ಯಾರಾದರೂ ನಕ್ಕಾರು. ಆದರೂ ಇತ್ತು, ಈಗಲೂ ಇದೆ.

ಒಂದು ದಿನ ಅವಳೇ ಫೋನ್ ಮಾಡಿದಳು. ಓಡಿ ಹಿತ್ತಲಿಗೆ ಹೋಗಿ ತೆಗೆದೆ. ಆ ಕೋಟಿನ ಗೂಟದ ಹೊಸ ಧಾರಾವಾಹಿ ಬಂದಿತ್ತು, ಅದರ ಬಗ್ಗೆ ಹೇಳಲು ನನ್ನ ಹೊಟ್ಟೆಯಲ್ಲಿ ಬೇಕಾದಷ್ಟಿತ್ತು. ಹೇಳಿದೆ, ಹೇಳಿದೆ. ಆ ಕಡೆಯಿಂದ "ಹಲೋ, ಹಲೋ, ಅಕ್ಕಾ, ಲೈನಲ್ಲಿದ್ದೀಯಾ?" ಎಂದು ಅವಳು ಕೂಗುತ್ತಲೇ ಇದ್ದಳು. ಆಗ ಗೊತ್ತಾಯಿತು, ಇಷ್ಟು ಹೊತ್ತೂ ನಾನು ಬರೀ ತುಟಿ ಆಡಿಸಿದ್ದೆ! ಅವಳ ಜೊತೆ ಮಾತು ಎಂದರೆ ನನ್ನ ಗಂಟಲು ತಾನಾಗಿಯೇ ಮುಚ್ಚಿಕೊಂಡಿತ್ತು. ಅದನ್ನು ಅವಳಿಗೆ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ದನಿ ಹೊರಡಿಸಿ ಮಾತಾಡಲು ಹೊರಟರೆ "ಊಟ ಆಯ್ತಾ", "ಏನ್ ಸಾರು" ಬಿಟ್ಟು ಬೇರೆ ಹೊಳೆಯಲಿಲ್ಲ. ಅವಳನ್ನು ಎದುರೆದುರೇ ನೋಡಿದರೆ ಎಲ್ಲಾ ಸರಿಹೋಗುತ್ತದೆ ಎಂದುಕೊಂಡೆ. ಕರೆಂಟ್ ಇಲ್ಲದ ದಿನ ನೋಡಿಕೊಂಡು ನೆಲಮಂಗಲದ ಬಸ್ಸು ಹತ್ತಿದೆ.

ಅವಳ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ನನ್ನನ್ನು ಕಂಡು ಬಹಳ ಖುಷಿಪಟ್ಟಳು. ಒಬ್ಬಟ್ಟು ಮಾಡಿದ್ದಳು. ಊಟವಾದ ಮೇಲೆ ಗೋಡೆಗೆ ಹಾಕಿದ ದೊಡ್ಡ ಟಿವಿ ಹಚ್ಚಿ "ಇಲ್ ನೋಡಕ್ಕ, ನಮ್ಮೋನು!" ಎಂದಳು. ಅದೇ ಕೋಟಿನ ಗೂಟ, ಗಟ್ಟಿ ದನಿಯಲ್ಲಿ, ಅಚ್ಚ ತೆಲುಗಿನಲ್ಲಿ ಮಾತಾಡುತ್ತಿದ್ದ.

"ಈಗೆಲ್ಲಾ ತೆಲುಗಲ್ಲೇ ಬರುತ್ತಕ್ಕ. ಓದೋ ತಾಪತ್ರಯಾನೇ ಇಲ್ಲ," ಎಂದಳು. ಅವಳ ಮಾತಿನಲ್ಲಿ ಯಾವ ಚುಚ್ಚೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಸುಲಭವಾಗಿತ್ತು. ಅವನು ಏನೋ ಅಂದ, ಅವಳು ನಕ್ಕಳು. ನಾನು ಇಂಗ್ಲಿಷ್ ಸಾಲು ಹುಡುಕಿದೆ, ಇರಲಿಲ್ಲ. ತೆಲುಗು ನನಗೆ ಅರ್ಧಂಬರ್ಧ. ಅವಳು ನಕ್ಕಾಗ ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಅವನು ಅಳತೊಡಗಿದ. ಹೊಸ ದನಿಯೊಂದು ಅವನ ಪರವಾಗಿ ಚೆನ್ನಾಗಿಯೇ ಅಳುತ್ತಿತ್ತು, ಅವನ ಮುಖ ಮಾತ್ರ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. ಅವಳ ಮೊಣಕಾಲು ತಟ್ಟಿ, ಅವಳು ತಿರುಗಿದಾಗ ಹುಬ್ಬೇರಿಸಿ ತುಟಿ ಆಡಿಸಿದೆ: "ಇವತ್ತೂ ಕಾಫಿ ಆರೋಯ್ತು ಇವನ್ದು." ಅವಳು ನನ್ನ ಬಾಯಿಯನ್ನೇ ನೋಡಿದಳು. ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಅವಳು ರಿಮೋಟ್ ತೆಗೆದುಕೊಂಡು ಟಿವಿಯ ದನಿ ಪೂರ್ತಿ ಇಳಿಸಿ, ನನ್ನ ಕಡೆ ಬಾಗಿದಳು.

"ಏನಕ್ಕಾ? ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳು."

ಅದನ್ನು ಜೋರಾಗಿ ಹೇಳುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

"ಏನಿಲ್ಲ ಕಣೇ, ಒಂದ್ ಲೋಟ ನೀರ್ ಕೊಡು ಅಂದೆ."

"ಅಯ್ಯೋ, ಅಷ್ಟೇನಾ!" ಎಂದು ಎದ್ದು ಓಡಿದಳು. ತುಂಬಿದ ಲೋಟ ತಂದುಕೊಟ್ಟು ನನ್ನ ಮುಂದೆಯೇ ನಿಂತಳು. ನನಗೆ ಬಾಯಾರಿರಲಿಲ್ಲ. ಅವಳು ನೋಡುತ್ತಿದ್ದಳೆಂದು ಅಷ್ಟೂ ನೀರು ಕುಡಿದೆ.