ಇಬ್ಬರೂ ಒಪ್ಪಿಕೊಂಡ ತಪ್ಪು

೧೯೯೫ರಲ್ಲಿ ನಾನು ಕತಾರಿನ ರಾಸ್ ಲಫಾನ್‌ನಲ್ಲಿ, ಅನಿಲ ಸ್ಥಾವರ ಕಟ್ಟುತ್ತಿದ್ದ ಒಂದು ಗುತ್ತಿಗೆ ಕಂಪನಿಯ ಸೇಫ್ಟಿ ಆಫೀಸರ್ ಆಗಿದ್ದೆ. ಅಪಘಾತವಾದರೆ ಕಾರಣ ಹುಡುಕಿ ವರದಿ ಕೊಡುವುದು ನನ್ನ ಕೆಲಸ. ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ನಾನು ಹೋಗುತ್ತಿದ್ದೆ. ಆ ಬೆಳಿಗ್ಗೆ ಮಾತ್ರ ಅದು ನನ್ನ ಕಣ್ಣೆದುರಿಗೇ ಆಯಿತು.

ಕ್ರೇನ್ ನಡೆಸುತ್ತಿದ್ದವನು ರೊಡ್ರಿಗೊ. ಕೆಳಗೆ ಪೈಪಿಗೆ ಪಟ್ಟಿ ಬಿಗಿದು ಕೈಸನ್ನೆ ಕೊಡುವ ರಿಗ್ಗರ್ ಎಡ್ವಾರ್ಡೊ. ಇಬ್ಬರೂ ಫಿಲಿಪೀನ್ಸಿನವರು. ಎಡ್ವಾರ್ಡೊ ಇನ್ನೂ ಕೈ ಎತ್ತಿರಲಿಲ್ಲ. ಪೈಪು ಇಳಿಯಿತು, ಅವನ ಎಡಪಾದ ಅದರಡಿ ಸಿಕ್ಕಿತು. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ, ತೆರೆದ ಬಾಯಿ ಮಾತ್ರ ಕಂಡಿತು.

ಮರುದಿನ ಆಸ್ಪತ್ರೆಯಲ್ಲಿ ಅವನೆಂದ: "ನಾನು ಸನ್ನೆ ಕೊಟ್ಟಿದ್ದೆ ಸರ್. ಆಮೇಲೆ ನಾನೇ ಕಾಲು ಒಳಗಿಟ್ಟೆ."

"ನಾನು ನೋಡ್ತಾ ಇದ್ದೆ, ಎಡ್ವಾರ್ಡೊ."

"ಬಿಸಿಲು ಜೋರಿತ್ತು ಸರ್."

ಬಿಸಿಲು ನಿಜಕ್ಕೂ ಜೋರಿತ್ತು. ನಾನು ಕಂಡದ್ದೇನು ಎಂದು ನನಗೇ ಅನುಮಾನ ಹುಟ್ಟಿತು. ತಪ್ಪು ಎಡ್ವಾರ್ಡೊನದಾದರೆ ಅವನಿಗೆ ಪರಿಹಾರ ಸಿಗುವುದು ಕಷ್ಟ. ರೊಡ್ರಿಗೊನದಾದರೆ ಅವನು ಕೆಲಸ ಕಳೆದುಕೊಂಡು ಊರಿಗೆ ಹೋಗಬೇಕು. ಇದನ್ನು ಬಿಡಿಸಿ ಹೇಳಿದೆ. ಎಡ್ವಾರ್ಡೊ ಮಾತು ಬದಲಿಸಲಿಲ್ಲ. ಯಾರಾದರೂ ಹೆದರಿಸಿರಬೇಕು ಅಂದುಕೊಂಡು ಆಫೀಸಿಗೆ ಮರಳಿದೆ.

ಅಲ್ಲಿ ರೊಡ್ರಿಗೊ ಹೆಲ್ಮೆಟ್ ಕೈಯಲ್ಲಿ ಹಿಡಿದು ಕಾಯುತ್ತಿದ್ದ. "ತಪ್ಪು ನನ್ನದು ಸರ್. ಸನ್ನೆ ಬರುವ ಮೊದಲೇ ಇಳಿಸಿದೆ. ನನ್ನ ಕುಂಪಾರೆ ಎಡ್ವಾರ್ಡೊನ ಮಾತು ನಂಬಬೇಡಿ, ಅವನು ಮಹಾ ಸುಳ್ಳುಗಾರ," ಎಂದು ನಗಲು ಹೋಗಿ ಅತ್ತುಬಿಟ್ಟ.

ಅವನು ಹೊರಟ ಮೇಲೂ ನಾನು ಗೋಡೆ ನೋಡುತ್ತ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಹಾಜರಿ ಬರೆಯುತ್ತಿದ್ದ ಟೈಮ್‌ಕೀಪರ್, ಮಂಗಳೂರಿನ ಲಾರೆನ್ಸ್ ತಲೆ ಎತ್ತಿದ.

"ಎಂತ ಸರ್, ಇಷ್ಟು ತಲೆಬಿಸಿ? ಅವರು ಕುಂಪಾರ್‌ಗಳು ಮಾರಾಯ್ರೆ!"

"ಹಂಗಂದ್ರ ಏನೋ? ಬೀಗರೇನು?"

"ಬೀಗರಾಗ್ಲಿಕ್ಕೆ ಮಕ್ಕಳ ಮದುವೆ ಆಗ್ಬೇಕಲ್ಲ? ಇದು ತೊಟ್ಟಿಲಲ್ಲೇ ಆಗುವಂಥದ್ದು. ರೊಡ್ರಿಗೊನ ಮಗಳಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಎತ್ತಿ ಹಿಡಿದವ ಎಡ್ವಾರ್ಡೊ. ಆ ಮಗುವಿಗೆ ಅವ ಎರಡನೇ ಅಪ್ಪ. ಆ ಇಬ್ಬರು ಅಪ್ಪಂದಿರು ಒಬ್ಬರಿಗೊಬ್ಬರು ಕುಂಪಾರ್. ನಮಗೆ ಮಂಗಳೂರಿನ ಕ್ರಿಶ್ಚಿಯನ್ನರಿಗೆ ಇದು ಪೋರ್ಚುಗೀಸರಿಂದ ಬಂತು, ಅವರಿಗೆ ಸ್ಪೇನಿನವರಿಂದ."

ಫಿಲಿಪೀನ್ಸನ್ನು ಸ್ಪೇನ್ ಮುನ್ನೂರು ವರ್ಷಗಳಿಗೂ ಹೆಚ್ಚು ಆಳಿತೆಂದು ಓದಿದ್ದೆ. ಈ ಜನರ ಹೆಸರುಗಳು ಅಲ್ಲಿಂದ ಬಂದವೆಂದೂ ಗೊತ್ತಿತ್ತು. ಹೆಸರಿನ ಜೊತೆ ಇಂಥ ನಂಟೂ ಬಂದು, ಆ ಆಳ್ವಿಕೆ ಮುಗಿದ ಸುಮಾರು ನೂರು ವರ್ಷಗಳ ಮೇಲೆ ಮರಳುಗಾಡಿನ ಒಂದು ಕ್ರೇನಿನ ಕೆಳಗೆ ನನಗೆ ಎದುರಾದೀತೆಂದು ಊಹಿಸಿರಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋಗಿ, ರೊಡ್ರಿಗೊ ಒಪ್ಪಿಕೊಂಡಿದ್ದಾನೆ ಎಂದೆ. ಎಡ್ವಾರ್ಡೊ ಮುಖ ತಿರುಗಿಸಿದ.

"ಪೆದ್ದ! ಅವನು ಊರಿಗೆ ಹೋದರೆ ಹುಡುಗಿಯ ಓದು ನಿಲ್ಲುತ್ತದೆ ಸರ್."

"ಅವಳು ಅವನ ಮಗಳಲ್ಲವಾ?"

"ನನ್ನ ಮಗಳೂ ಹೌದು. ನಿಮ್ಮ ವರದಿಯಲ್ಲಿ ಅದಕ್ಕೆ ಜಾಗ ಇಲ್ಲವಾ?"

ಇರಲಿಲ್ಲ. ಕಂಡದ್ದನ್ನೇ ಬರೆದೆ. ರೊಡ್ರಿಗೊನನ್ನು ಊರಿಗೆ ಕಳಿಸಿದರು. ಎಡ್ವಾರ್ಡೊಗೆ ಪರಿಹಾರ ಮಂಜೂರಾಯಿತು. ಅವನು ಊರುಗೋಲು ಊರಿಕೊಂಡು ಆಫೀಸಿಗೆ ಬಂದು, "ಥ್ಯಾಂಕ್ಯೂ ಸರ್" ಎಂದ. ಯಾವುದಕ್ಕೆಂದು ನನಗೆ ಇಂದಿಗೂ ತಿಳಿದಿಲ್ಲ.

ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವವರನ್ನು ಹೇಗೆ ವಿಚಾರಿಸಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಅದನ್ನು ತಮ್ಮತ್ತ ಎಳೆದುಕೊಳ್ಳುವವರ ಬಗ್ಗೆ ಯಾರೂ ಹೇಳಿರಲಿಲ್ಲ. ಆಮೇಲೆ ನಿವೃತ್ತಿಯವರೆಗೂ, ಏನಾಯಿತು ಎಂದು ಕೇಳುವ ಮೊದಲು, "ಅವನು ನಿನಗೆ ಏನಾಗಬೇಕು?" ಎಂದು ಕೇಳುತ್ತಿದ್ದೆ. ಅದರಿಂದ ಕೆಲಸ ಸುಲಭವಾಗಲಿಲ್ಲ. ಕಂಡದ್ದನ್ನೇ ಬರೆಯುತ್ತಿದ್ದೆ, ಬರೆಯಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಅಷ್ಟೆ.